ಹಿತ್ತಿಲ ಕೋಳಿಯ ತೆಳುಚಿಪ್ಪಿನ ತತ್ತಿ: ಒಂದು ಕಾರಣವಿಚಾರ

1

ಹಿತ್ತಿಲಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕಿಕೊಂಡಿರುವ ಮನೆಗಳಲ್ಲಿ ಆಗಾಗ ಒಂದು ತೊಂದರೆ ತಲೆದೋರುವುದುಂಟು. ನಿನ್ನೆಯವರೆಗೆ ಗಟ್ಟಿಚಿಪ್ಪಿನ ತತ್ತಿಯನ್ನಿಡುತ್ತಿದ್ದ ಕೋಳಿಯು ಇಂದು ಬೆರಳು ಸೋಕಿದರೆ ಬಿರಿಯುವಂತಹ ತತ್ತಿಯನ್ನಿಡುತ್ತದೆ. ಕೆಲವೊಮ್ಮೆ ಚಿಪ್ಪೇ ಇಲ್ಲದೆ ಬರಿಯ ಪೊರೆಯಲ್ಲಿ ಸುತ್ತಿದ ಮೆತ್ತನೆಯ ತತ್ತಿಯು ಗೂಡಿನಲ್ಲಿ ಕಾಣಸಿಗುತ್ತದೆ. ಇದಕ್ಕೆ ಕಾರಣವೇನೆಂದು ವಿಚಾರಿಸಿದರೆ ಒಬ್ಬರು ಮೇವು ಸಾಲದೆನ್ನುವರು, ಮತ್ತೊಬ್ಬರು ಬಿಸಿಲಿನ ಝಳವೆನ್ನುವರು, ಮೂರನೆಯವರು ಕೋಳಿಗೆ ವಯಸ್ಸಾಯಿತೆನ್ನುವರು, ನಾಲ್ಕನೆಯವರು ರೋಗವೆನ್ನುವರು. ಈ ನಾಲ್ಕೂ ಮಾತುಗಳಲ್ಲಿ ಸತ್ಯವಿದೆ. ಆದರೆ ಒಂದು ಮನೆಯ ಒಂದು ಕೋಳಿಯ ವಿಷಯದಲ್ಲಿ ನಾಲ್ಕೂ ಏಕಕಾಲಕ್ಕೆ ನಿಜವಾಗಿರಬೇಕಾದುದಿಲ್ಲ. ಹಲವು ಕಾರಣಗಳಿಂದ ಒಂದೇ ಬಗೆಯ ಪರಿಣಾಮವುಂಟಾಗುವಾಗ, ಪರಿಣಾಮವನ್ನಷ್ಟೇ ಕಂಡವನು ಕಾರಣವನ್ನು ಹೇಗೆ ನಿರ್ಣಯಿಸಬೇಕು ಎಂಬುದೇ ಈ ಲೇಖನದ ವಿಷಯ.

ಇತಿಹಾಸದ ಅಧ್ಯಾಪಕನಿಗೂ ಕೋಳಿಯ ತತ್ತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಎರಡು ಬಗೆಯದು. ಮೊದಲನೆಯದಾಗಿ, ಉಳಿದುಬಂದ ಕುರುಹಿನಿಂದ ಅದರ ಹಿಂದಿನ ಕಾರಣಕ್ಕೆ ಸಾಗುವುದು ಇತಿಹಾಸಕಾರನ ನಿತ್ಯದ ಕೆಲಸ. ಆ ಕೆಲಸದಲ್ಲಿ ಬೀಳಬಹುದಾದ ಹಳ್ಳಗಳನ್ನು ತತ್ತಿಯ ಚಿಪ್ಪಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ. ಎರಡನೆಯದಾಗಿ, ಚಿಪ್ಪಿನ ಸುಣ್ಣವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೇ ಒಂದು ಇತಿಹಾಸವಿದೆ. ಸಮರ್ಥನಾದ ಒಬ್ಬ ರಸಾಯನಶಾಸ್ತ್ರಜ್ಞನು 1799ರಲ್ಲಿ ಅದಕ್ಕೆ ತಪ್ಪು ಉತ್ತರವನ್ನಿತ್ತನು. ಆ ತಪ್ಪು ಯಾವ ಜಾತಿಯದೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ವಿಷಯವು ಅಲ್ಪವೆಂದು ಭಾವಿಸಲಾಗದು. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಹಿತ್ತಿಲಲ್ಲಿ ಸಾಕಿದ ಕೋಳಿಗಳ ಸಂಖ್ಯೆ ಸುಮಾರು 31 ಕೋಟಿ 70 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಇದು ಶೇಕಡ 45ಕ್ಕಿಂತಲೂ ಹೆಚ್ಚಿನ ಏರಿಕೆ. ಈ ಕೋಳಿಗಳ ಆರೈಕೆ ಬಹುಮಟ್ಟಿಗೆ ಮನೆಯ ಹೆಂಗಸರದು. ಸಂತೆಯಲ್ಲಿ ಮಾರಿದ ತತ್ತಿಯ ಹಣವೂ ಅನೇಕ ಕಡೆ ಅವರ ಕೈಯಲ್ಲಿಯೇ ಉಳಿಯುವ ಹಣ. ಬಿರಿದ ತತ್ತಿಯು ಮಾರಾಟಕ್ಕೂ ಬಾರದು, ಕಾವಿಗೂ ಬಾರದು. ಆದುದರಿಂದ ತಪ್ಪು ಕಾರಣವನ್ನು ನಂಬಿ ಮಾಡಿದ ತಪ್ಪು ಚಿಕಿತ್ಸೆಯ ನಷ್ಟವು ಇಂತಹ ಸಣ್ಣ ಆದಾಯದ ಮೇಲೆಯೇ ಬೀಳುತ್ತದೆ.

2

ಮೊದಲು ಚಿಪ್ಪಿನ ಸ್ವರೂಪವನ್ನು ನೋಡೋಣ. ಸಾಧಾರಣ ಗಾತ್ರದ ಕೋಳಿಮೊಟ್ಟೆಯ ಚಿಪ್ಪು ಐದಾರು ಗ್ರಾಂ ತೂಗುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಈ ತೂಕದಲ್ಲಿ ಶೇಕಡ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣಕಲ್ಲಿನಲ್ಲಿಯೂ ಅಮೃತಶಿಲೆಯಲ್ಲಿಯೂ ಇರುವ ದ್ರವ್ಯವೇ. ಹೀಗೆ ಒಂದೊಂದು ತತ್ತಿಯೊಡನೆಯೂ ಕೋಳಿಯ ಮೈಯಿಂದ ಎರಡು ಗ್ರಾಮಿಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಹೊರಬೀಳುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿದ್ದು, ಒಳಗಿನ ಮರಿಯು ಉಸಿರಾಡುವುದು ಅವುಗಳ ಮೂಲಕವೇ. ಮರಿಯ ಎಲುಬುಗಳಿಗೆ ಬೇಕಾದ ಕ್ಯಾಲ್ಸಿಯಮ್ಮಿನಲ್ಲಿ ಬಹುಪಾಲು ಒದಗುವುದೂ ಈ ಚಿಪ್ಪಿನಿಂದ. ಆದುದರಿಂದ ಚಿಪ್ಪು ಮರಿಗೆ ಕೋಟೆಯೂ ಹೌದು, ಕಣಜವೂ ಹೌದು.

ಒಂದು ತತ್ತಿಯು ಕೋಳಿಯ ದೇಹದಲ್ಲಿ ಸಿದ್ಧವಾಗಲು ಸುಮಾರು ಇಪ್ಪತ್ತೈದು ಗಂಟೆಗಳು ಬೇಕು. ಹಳದಿ ಲೋಳೆಯ ಸುತ್ತ ಬಿಳಿ ಲೋಳೆಯೂ ಅದರ ಸುತ್ತ ಪೊರೆಗಳೂ ಕೂಡಿಕೊಳ್ಳುವುದು ಮೊದಲ ಐದಾರು ಗಂಟೆಗಳಲ್ಲಿ. ಉಳಿದ ಹದಿನೆಂಟು ಇಪ್ಪತ್ತು ಗಂಟೆಗಳ ಕಾಲ ತತ್ತಿಯು ಅಂಡನಾಳದ ಕೆಳಭಾಗದಲ್ಲಿರುವ ಚಿಪ್ಪುಗ್ರಂಥಿಯಲ್ಲಿದ್ದು ಅಲ್ಲಿ ಸುಣ್ಣದ ಹೊದಿಕೆಯನ್ನು ಪಡೆಯುತ್ತದೆ. ರಕ್ತದಿಂದ ಬರುವ ಕ್ಯಾಲ್ಸಿಯಮ್ಮಿನೊಡನೆ ಇಂಗಾಲಾಮ್ಲ ಅನಿಲದಿಂದ ಹುಟ್ಟಿದ ಕಾರ್ಬೊನೇಟು ಸೇರಿದರೆ ಚಿಪ್ಪು. ಅನಿಲವನ್ನು ಈ ಕೆಲಸಕ್ಕೆ ಬೇಗನೆ ಸಿದ್ಧಗೊಳಿಸುವುದು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ: ಈ ಕಾರ್ಯದ ಬಹುಭಾಗ ನಡೆಯುವುದು ರಾತ್ರಿಯಲ್ಲಿ. ಕೋಳಿಯು ಕತ್ತಲಲ್ಲಿ ಮೇಯುವುದಿಲ್ಲ. ವೆಚ್ಚವು ಅತಿ ಹೆಚ್ಚಾಗಿರುವ ಹೊತ್ತಿನಲ್ಲಿಯೇ ಆದಾಯವು ನಿಂತಿರುತ್ತದೆ.

ಹಾಗಾದರೆ ರಾತ್ರಿಯ ವೆಚ್ಚಕ್ಕೆ ಹಣವೆಲ್ಲಿಯದು? ಈ ಪ್ರಶ್ನೆಯನ್ನು ಕೇಳದೆ ಹೋದುದೇ 1799ರ ತಪ್ಪಿಗೆ ಮೂಲ.

3

ನಿಕೊಲಾ ಲೂಯಿ ವೊಕ್ಲೆನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಸಾಮಾನ್ಯನಲ್ಲ. ಕ್ರೋಮಿಯಂ ಧಾತುವನ್ನು ಕಂಡುಹಿಡಿದ ಕೀರ್ತಿ ಅವನದು. ಅವನು ಒಂದು ಕೋಳಿಯನ್ನು ಕೂಡಿಹಾಕಿ, ತೂಗಿದ ಓಟ್ಸ್ ಧಾನ್ಯವನ್ನು ಮಾತ್ರ ಅದಕ್ಕೆ ತಿನ್ನಿಸಿ, ಆ ಅವಧಿಯಲ್ಲಿ ಅದು ಇಟ್ಟ ತತ್ತಿಗಳ ಚಿಪ್ಪನ್ನೂ ಅದರ ಹಿಕ್ಕೆಯನ್ನೂ ಪರೀಕ್ಷೆಗೆ ಒಳಪಡಿಸಿದನು. ಧಾನ್ಯದೊಳಗಿದ್ದ ಸುಣ್ಣಕ್ಕಿಂತ ಹೊರಬಂದ ಸುಣ್ಣವು ಹೆಚ್ಚಾಗಿತ್ತು. ದ್ರವ್ಯವು ಹೊಸದಾಗಿ ಹುಟ್ಟುವುದೂ ಇಲ್ಲ, ಇಲ್ಲದಂತಾಗುವುದೂ ಇಲ್ಲವೆಂಬ ತತ್ತ್ವವನ್ನು ಲಾವೊಸಿಯೇ ತನ್ನ 1789ರ ಗ್ರಂಥದಲ್ಲಿ ಪ್ರತಿಪಾದಿಸಿ ಆಗಿನ್ನೂ ಹತ್ತೇ ವರ್ಷಗಳಾಗಿದ್ದುವು. ಆದರೂ ವೊಕ್ಲೆನ್ ತನ್ನ ಅಂಕಿಗಳನ್ನು ನಂಬಿ, ಕೋಳಿಯ ದೇಹದಲ್ಲಿ ಸುಣ್ಣವು ಹೊಸದಾಗಿ ಉತ್ಪನ್ನವಾಯಿತೆಂಬ ನಿರ್ಣಯಕ್ಕೆ ಬಂದನು.

ಅವನ ಪ್ರಯೋಗದಲ್ಲಿ ಮೋಸವಿರಲಿಲ್ಲ. ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿತ್ತು. ಪ್ರಾಚೀನ ರಾಜ್ಯವೊಂದರ ಆಯವ್ಯಯವನ್ನು ಪರಿಶೀಲಿಸುವ ವಿದ್ಯಾರ್ಥಿಯು ಒಂದು ವರ್ಷದ ಕಂದಾಯವನ್ನೂ ಅದೇ ವರ್ಷದ ಖರ್ಚನ್ನೂ ಮಾತ್ರ ಎದುರುಬದುರಾಗಿಟ್ಟು, ಖರ್ಚು ಹೆಚ್ಚಾಗಿರುವುದನ್ನು ಕಂಡು, ಅರಸನು ಶೂನ್ಯದಿಂದ ಹೊನ್ನನ್ನು ಸೃಷ್ಟಿಸಿದನೆಂದು ಬರೆದರೆ ನಾವು ನಗುತ್ತೇವೆ. ವರ್ಷದ ಆರಂಭದಲ್ಲಿ ಬೊಕ್ಕಸದಲ್ಲಿ ಎಷ್ಟಿತ್ತೆಂದು ಕೇಳುತ್ತೇವೆ. ಕೋಳಿಗೂ ಅಂತಹ ಬೊಕ್ಕಸವೊಂದುಂಟು, ಅದು ಎಲುಬು. ಕೂಡಿಹಾಕಿದ ದಿನ ಆ ಕೋಳಿಯ ಎಲುಬುಗಳಲ್ಲಿ ಎಷ್ಟು ಸುಣ್ಣವಿತ್ತೆಂಬುದು ವೊಕ್ಲೆನ್ನನ ಲೆಕ್ಕಕ್ಕೆ ಬರಲಿಲ್ಲ.

ಇದಾದ ಮೇಲೆ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯನು ಕಾವಿನಲ್ಲಿರುವ ತತ್ತಿಯನ್ನು ಪರೀಕ್ಷಿಸಿ, ಲೋಳೆಗಳಲ್ಲಿ ಇದ್ದುದಕ್ಕಿಂತ ಹೆಚ್ಚಿನ ಸುಣ್ಣವು ಮರಿಯಲ್ಲಿ ಕಂಡುಬರುವುದನ್ನು 1822ರಲ್ಲಿ ಪ್ರಕಟಿಸಿದನು. ಅದು ಚಿಪ್ಪಿನಿಂದಲೇ ಬಂದುದೆಂದು ಹೇಳಲು ತನ್ನಲ್ಲಿ ಸಾಕಷ್ಟು ಆಧಾರವಿಲ್ಲವೆಂದು ಅವನು ಹಿಂಜರಿದನು. ಇಬ್ಬರ ಮುಂದೆಯೂ ಇದ್ದುದು ಒಂದೇ ಬಗೆಯ ಒಗಟು. ಒಬ್ಬನು ಅವಸರದಿಂದ ತೀರ್ಪಿತ್ತನು, ಇನ್ನೊಬ್ಬನು ತೀರ್ಪನ್ನು ಮುಂದಕ್ಕಿಟ್ಟನು. ಪ್ರೌಟನು ಹೇಳಲು ಹಿಂಜರಿದ ಮಾತೇ ಕಡೆಗೆ ನಿಜವೆಂದು ಸ್ಥಿರಪಟ್ಟಿತು.

ವೊಕ್ಲೆನ್ನನ ತಪ್ಪಿಗಾದರೋ ದೀರ್ಘಾಯುಸ್ಸು ದೊರೆಯಿತು. 1960ರ ದಶಕದಲ್ಲಿ ಲೂಯಿ ಕೆರ್ವ್ರಾನ್ ಎಂಬ ಫ್ರೆಂಚ್ ಲೇಖಕನು ಅದೇ ಪ್ರಯೋಗವನ್ನು ಮತ್ತೆ ಎತ್ತಿಕೊಂಡು, ಕೋಳಿಯ ದೇಹದಲ್ಲಿ ಒಂದು ಧಾತುವು ಮತ್ತೊಂದು ಧಾತುವಾಗಿ ಮಾರ್ಪಡುವುದೆಂದು ವಾದಿಸಿದನು. ಅವನು ತೀರಿಹೋದ ಮೇಲೆ, 1993ರಲ್ಲಿ, ಈ ವಾದಕ್ಕೆ 'ಇಗ್ ನೊಬೆಲ್' ಎಂಬ ಪರಿಹಾಸದ ಪ್ರಶಸ್ತಿ ಸಂದಿತು. ಬೊಕ್ಕಸದ ಲೆಕ್ಕವನ್ನು ಬಿಟ್ಟ ಗ್ರಂಥಗಳು ಎಷ್ಟು ಕಾಲ ಬಾಳಬಲ್ಲುವೆಂಬುದಕ್ಕೆ ಇದೊಂದು ನಿದರ್ಶನ.

ಎಲುಬಿನ ಬೊಕ್ಕಸದ ಸ್ವರೂಪವು ತಿಳಿದುಬಂದುದು 20ನೆಯ ಶತಮಾನದಲ್ಲಿ. ಕೈಸ್ ಮತ್ತು ಪಾಟರ್ ಎಂಬ ಅಮೆರಿಕದ ಸಂಶೋಧಕರು 1934ರಲ್ಲಿ ಹೆಣ್ಣು ಪಾರಿವಾಳಗಳ ಎಲುಬುಗಳನ್ನು ಕತ್ತರಿಸಿ ನೋಡಿದಾಗ, ತತ್ತಿಯಿಡುವ ಕಾಲ ಸಮೀಪಿಸಿದಂತೆ ಎಲುಬಿನ ಟೊಳ್ಳಿನೊಳಗೆ ಹೊಸತೊಂದು ಎಲುಬು ಬೆಳೆದು, ಆ ಕಾಲ ಮುಗಿದ ಮೇಲೆ ಕರಗಿಹೋಗುವುದು ಕಂಡಿತು. ಹೇಂಟೆಯಲ್ಲಿಯೂ ಹೀಗೆಯೇ. ಇದಕ್ಕೆ 'ಮಜ್ಜೆಯ ಎಲುಬು' ಎನ್ನಬಹುದು. ಇದು ಮೈಯ ಭಾರವನ್ನು ಹೊರುವುದಕ್ಕಾಗಿ ಇರುವುದಲ್ಲ, ಚಿಪ್ಪಿಗಾಗಿ ಕೂಡಿಟ್ಟ ಸುಣ್ಣದ ನಿಧಿ. ಹುಂಜದಲ್ಲಿ ಸಹಜವಾಗಿ ಇದಿರುವುದಿಲ್ಲ. ಆದುದರಿಂದ ಉತ್ಖನನದಲ್ಲಿ ದೊರೆತ ಕೋಳಿಯ ಎಲುಬಿನೊಳಗೆ ಮಜ್ಜೆಯ ಎಲುಬು ಕಂಡರೆ, ಅದು ತತ್ತಿಯಿಡುವ ಕಾಲದಲ್ಲಿ ಸತ್ತ ಹೇಂಟೆಯದೆಂದು ಪುರಾತತ್ತ್ವಜ್ಞರು ನಿಶ್ಚಯಿಸಬಲ್ಲರು. ಹೀಗೆ ಹಿತ್ತಿಲ ಕೋಳಿಯ ತೊಂದರೆಯನ್ನು ವಿವರಿಸುವ ಅದೇ ಎಲುಬು ಹಳೆಯ ಊರುಗಳ ಜೀವನಕ್ಕೂ ಸಾಕ್ಷಿಯಾಗಿದೆ.

4

ಈಗ ತೆಳುಚಿಪ್ಪಿನ ಪ್ರಶ್ನೆಗೆ ಬರೋಣ. ನಾಣ್ಯವು ಹಗುರವಾಗಿದ್ದರೆ ಅದಕ್ಕೆ ಕಾರಣವನ್ನು ಆದಾಯದಲ್ಲಿ, ಬೊಕ್ಕಸದಲ್ಲಿ, ಟಂಕಸಾಲೆಯಲ್ಲಿ ಹುಡುಕಬೇಕು. ಚಿಪ್ಪಿನ ವಿಚಾರದಲ್ಲಿಯೂ ಈ ಮೂರೇ ಸ್ಥಾನಗಳು: ಮೇವು, ಎಲುಬು, ಚಿಪ್ಪುಗ್ರಂಥಿ.

ಮೊದಲನೆಯದು ಮೇವು. ದಿನವಹಿ ತತ್ತಿಯಿಡುವ ಕೋಳಿಗೆ ದಿನಕ್ಕೆ ಸುಮಾರು ನಾಲ್ಕು ಗ್ರಾಂ ಕ್ಯಾಲ್ಸಿಯಂ ಬೇಕು, ಏಕೆಂದರೆ ತಿಂದುದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುತ್ತದೆ. ಹಿತ್ತಿಲ ಕೋಳಿಗೆ ನಾವು ಎರಚುವುದು ಅಕ್ಕಿಯ ನುಚ್ಚು, ಜೋಳ, ರಾಗಿ, ತೌಡು. ನೂರು ಗ್ರಾಂ ಅಕ್ಕಿಯಲ್ಲಿರುವ ಕ್ಯಾಲ್ಸಿಯಂ ಸುಮಾರು 0.01 ಗ್ರಾಂ. ಧಾನ್ಯಗಳಲ್ಲೆಲ್ಲ ಸುಣ್ಣದ ಅಂಶಕ್ಕೆ ಹೆಸರಾದ ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 0.35 ಗ್ರಾಂ ಇದೆ. ಎಂದರೆ ಹೊಟ್ಟೆತುಂಬ ರಾಗಿಯನ್ನೇ ತಿಂದ ಕೋಳಿಗೂ ಬೇಕಾದುದರ ಹತ್ತನೆಯ ಒಂದು ಪಾಲು ಸಹ ದೊರೆಯುವುದಿಲ್ಲ. ಇದರ ಮೇಲೆ ಧಾನ್ಯದ ಹೊಟ್ಟಿನಲ್ಲಿಯೂ ತೌಡಿನಲ್ಲಿಯೂ ಇರುವ ಫೈಟಿಕ್ ಆಮ್ಲವು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ.

ಹಾಗಾದರೆ ನಮ್ಮ ಹಿರಿಯರ ಕಾಲದ ಕೋಳಿಗಳು ಸುಣ್ಣವಿಲ್ಲದೆ ಗಟ್ಟಿ ತತ್ತಿಗಳನ್ನು ಹೇಗೆ ಇಡುತ್ತಿದ್ದುವು? ಉತ್ತರವು ಎರಡು ತೆರನಾಗಿದೆ. ಒಂದು, ಅವು ಕೆದಕಿ ತಿನ್ನುವ ಬಸವನಹುಳು, ಸುಣ್ಣಕಲ್ಲಿನ ಚೂರು, ಗೋಡೆಯಿಂದುದುರಿದ ಗಾರೆ, ಹಸುರೆಲೆಗಳಲ್ಲಿ ಸುಣ್ಣವಿತ್ತು. ಎರಡು, ಅವು ಇಡುತ್ತಿದ್ದ ತತ್ತಿಗಳೇ ಕಡಿಮೆ. ನಾಟಿ ಹೇಂಟೆಯು ವರ್ಷಕ್ಕೆ ಐವತ್ತರಿಂದ ಎಂಬತ್ತು ತತ್ತಿಗಳನ್ನು ಹಲವು ಸರದಿಗಳಲ್ಲಿಟ್ಟು, ನಡುನಡುವೆ ಕಾವಿಗೆ ಕುಳಿತು, ಮರಿಗಳನ್ನು ಬೆಳೆಸುವಾಗ ತನ್ನ ಬೊಕ್ಕಸವನ್ನು ಮತ್ತೆ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಿಲ ಸಾಕಣೆಗೆಂದೇ ಸಿದ್ಧಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿಯು ವರ್ಷಕ್ಕೆ 130ರಿಂದ 150 ತತ್ತಿಗಳನ್ನಿಡುತ್ತದೆ. ವ್ಯಾಪಾರಕ್ಕಾಗಿ ಸಾಕುವ ಲೆಗಾರ್ನ್ ಕೋಳಿಯು 300ನ್ನೂ ಮೀರುತ್ತದೆ. ಮುನ್ನೂರು ತತ್ತಿಗಳೊಡನೆ ಹೊರಹೋಗುವ ಕ್ಯಾಲ್ಸಿಯಂ ಆರುನೂರು ಗ್ರಾಮಿಗೂ ಮಿಕ್ಕುತ್ತದೆ. ಆ ಕೋಳಿಯ ಎಲ್ಲ ಎಲುಬುಗಳಲ್ಲಿಯೂ ಸೇರಿ ಇರುವುದು ಇಪ್ಪತ್ತು ಗ್ರಾಮಿನ ಆಸುಪಾಸು. ತಳಿಯು ಬದಲಾಗಿ, ಮೇವು ಮಾತ್ರ ಹಳೆಯದೇ ಆಗಿ ಉಳಿದ ಮನೆಗಳಲ್ಲಿ ಚಿಪ್ಪು ತೆಳುವಾಗುವುದು ಆಶ್ಚರ್ಯವಲ್ಲ. ಹಿಂದಿನವರ ಅನುಭವವು ಸುಳ್ಳಲ್ಲ. ಅದು ಬೇರೊಂದು ಕೋಳಿಗೆ ಸಂಬಂಧಿಸಿದುದು.

ಮೇವಿನಲ್ಲಿ ಸುಣ್ಣವಿದ್ದ ಮಾತ್ರಕ್ಕೆ ಅದು ಮೈಗೆ ಸೇರುವುದಿಲ್ಲ. ಕರುಳಿನಿಂದ ರಕ್ತಕ್ಕೆ ಅದನ್ನು ಸಾಗಿಸಲು ಜೀವಸತ್ತ್ವ 'ಡಿ' ಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹಾರ್ಟ್, ಸ್ಟೀನ್‌ಬಾಕ್ ಮೊದಲಾದವರು 1920ರ ದಶಕದಲ್ಲಿ ಕೋಳಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಅತಿನೇರಿಳೆ ಕಿರಣಗಳಿಗೂ ತತ್ತಿಗೂ ಇರುವ ಈ ನಂಟು ಸ್ಪಷ್ಟವಾಯಿತು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದಿನ ಬೆಳಕು ಬಿಸಿಲಿಗೆ ಸಮವಲ್ಲ. ನಮ್ಮ ಹಿತ್ತಿಲಲ್ಲಿ ಹಗಲೆಲ್ಲ ತಿರುಗಾಡುವ ಕೋಳಿಗೆ ಈ ಕೊರತೆ ಬರುವುದು ಅಪರೂಪ. ಕತ್ತಲ ಕೊಟ್ಟಿಗೆಯಲ್ಲಿಯೋ ಪಟ್ಟಣದ ಮನೆಯ ಮುಚ್ಚಿದ ಮೂಲೆಯಲ್ಲಿಯೋ ಕೂಡಿಹಾಕಿದ ಕೋಳಿಗೆ ಬರಬಹುದು.

ಆದಾಯವು ಸಾಲದೆ ಬಂದಾಗ ಕೋಳಿಯು ಬೊಕ್ಕಸಕ್ಕೆ ಕೈಹಾಕುತ್ತದೆ. ಮೊದಲು ಮಜ್ಜೆಯ ಎಲುಬು ಕರಗುತ್ತದೆ. ಕೊರತೆ ಮುಂದುವರಿದರೆ ಮೈಯನ್ನು ಹೊತ್ತ ಎಲುಬೂ ಸವೆಯುತ್ತದೆ. ತೆಳುಚಿಪ್ಪಿನ ತತ್ತಿಯು ಕಾಣಿಸಿಕೊಳ್ಳುವ ಹೊತ್ತಿಗೆ ಕೋಳಿಯು ತನ್ನ ಮೂಲಧನದಿಂದ ಎಷ್ಟೋ ದಿನ ಖರ್ಚುಮಾಡಿರಲೂಬಹುದು. ತತ್ತಿಯ ನಷ್ಟವು ಮನೆಯವರಿಗೆ ಕಾಣುತ್ತದೆ; ಕೋಳಿಯ ನಷ್ಟವು ಕಾಲು ಮುರಿದಾಗ ಮಾತ್ರ ಕಾಣುತ್ತದೆ.

5

ಆದಾಯವೂ ಬೊಕ್ಕಸವೂ ಸರಿಯಾಗಿದ್ದು ಟಂಕಸಾಲೆಯೇ ಕೆಟ್ಟಿರುವ ಸಂದರ್ಭಗಳೂ ಉಂಟು. ಇಂತಹ ಸಂದರ್ಭದಲ್ಲಿ ಎಷ್ಟು ಸುಣ್ಣವನ್ನು ತಿನ್ನಿಸಿದರೂ ಪ್ರಯೋಜನವಾಗದು.

ಇವುಗಳಲ್ಲಿ ನಮ್ಮ ನಾಡಿಗೆ ಮುಖ್ಯವಾದುದು ಬೇಸಗೆಯ ಧಗೆ. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಬಾಯ್ದೆರೆದು ಏದುಸಿರುಬಿಟ್ಟೇ ಅದು ಮೈಯ ಕಾವನ್ನು ಕಳೆದುಕೊಳ್ಳಬೇಕು. ಹೀಗೆ ಏದುವಾಗ ರಕ್ತದಲ್ಲಿರುವ ಇಂಗಾಲಾಮ್ಲವು ಅತಿಯಾಗಿ ಹೊರಟುಹೋಗುತ್ತದೆ. ಚಿಪ್ಪಿಗೆ ಬೇಕಾದ ಎರಡು ದ್ರವ್ಯಗಳಲ್ಲಿ ಒಂದು ಈ ಅನಿಲದಿಂದ ಹುಟ್ಟತಕ್ಕದ್ದೆಂಬುದನ್ನು ಮೇಲೆ ಹೇಳಿದೆ. ಇದಲ್ಲದೆ ರಕ್ತವು ಪ್ರತ್ಯಾಮ್ಲತೆಯ ಕಡೆಗೆ ವಾಲುವುದರಿಂದ ಅದರಲ್ಲಿರುವ ಕ್ಯಾಲ್ಸಿಯಂ ಸಹ ಚಿಪ್ಪಿಗೆ ಸುಲಭವಾಗಿ ಒದಗುವುದಿಲ್ಲ. ಧಗೆಯಲ್ಲಿ ಕೋಳಿಯು ತಿನ್ನುವುದೂ ಕಡಿಮೆ. ಅಮೆರಿಕದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸೆಕೆಯಲ್ಲಿರಿಸಿದ ಕೋಳಿಗಳಿಗೆ ಇಂಗಾಲಾಮ್ಲವನ್ನು ಕರಗಿಸಿದ ನೀರನ್ನು, ಎಂದರೆ ಸೋಡಾ ನೀರನ್ನು ಕುಡಿಸಿದಾಗ ಚಿಪ್ಪು ಉತ್ತಮಗೊಂಡಿತು. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ತೆಳುವಾದ ಚಿಪ್ಪು ಮಳೆ ಬಿದ್ದ ಮೇಲೆ ತಾನಾಗಿಯೇ ಗಟ್ಟಿಯಾದರೆ, ಕಾರಣವು ಮೇವಿಗಿಂತ ಧಗೆಯೇ ಎಂದು ಊಹಿಸಲು ಬಲವಾದ ಆಧಾರವಿರುತ್ತದೆ.

ಚಿಪ್ಪುಗ್ರಂಥಿಯ ಕಿಣ್ವವನ್ನು ತಡೆಯುವ ಔಷಧಗಳೂ ಉಂಟು. ಸಲ್ಫನಿಲಮೈಡ್ ಎಂಬ ಮದ್ದನ್ನು ತಿಂದ ಕೋಳಿಗಳು ಮೆತ್ತನೆಯ ತತ್ತಿಗಳನ್ನಿಡುವುದನ್ನು 1940ರ ದಶಕದ ಪ್ರಯೋಗಗಳು ತೋರಿಸಿದುವು. ಆ ಮದ್ದು ಕಾರ್ಬಾನಿಕ್ ಅನ್‌ಹೈಡ್ರೇಸನ್ನು ತಡೆಯುವುದೆಂಬುದು ಆಗಲೇ ತಿಳಿದಿದ್ದುದರಿಂದ, ಚಿಪ್ಪಿನ ರಚನೆಯಲ್ಲಿ ಕಿಣ್ವದ ಪಾತ್ರವೇನೆಂಬುದೂ ಇದರಿಂದ ಬೆಳಕಿಗೆ ಬಂದಿತು. ಕುಡಿಯುವ ನೀರಿನ ಉಪ್ಪು ಸಹ ಚಿಪ್ಪನ್ನು ಕೆಡಿಸಬಲ್ಲುದೆಂಬುದು ಆಸ್ಟ್ರೇಲಿಯದಲ್ಲಿ 1980ರ ದಶಕದಲ್ಲಿ ನಡೆದ ಸಂಶೋಧನೆಯಿಂದ ತಿಳಿದುಬಂದಿದೆ. ಕೊಳವೆಬಾವಿಯ ನೀರು ಸವುಳಾಗಿರುವ ಊರಿನವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ರೋಗಗಳು. ರಾಣಿಖೇತ್ ರೋಗದಲ್ಲಿಯೂ, 1930ರ ದಶಕದಲ್ಲಿ ಅಮೆರಿಕದಲ್ಲಿ ಮೊದಲು ವರ್ಣಿತವಾದ ಸಾಂಕ್ರಾಮಿಕ ಶ್ವಾಸನಾಳದ ಉರಿಯೂತದಲ್ಲಿಯೂ ಅಂಡನಾಳವು ಕೆಟ್ಟು ಚಿಪ್ಪು ತೆಳುವಾಗುವುದು, ಸೊಟ್ಟಗಾಗುವುದು, ಸುಕ್ಕುಗಟ್ಟುವುದು. ಇವುಗಳಿಗಿಂತ ಹೆಚ್ಚು ಭ್ರಮೆ ಹುಟ್ಟಿಸುವುದು 1976ರಲ್ಲಿ ನೆದರ್ಲೆಂಡ್ಸಿನಲ್ಲಿ ಮೊದಲಾಗಿ ವರ್ಣಿತವಾದ ತತ್ತಿಯಿಳಿಕೆಯ ರೋಗ. ಇದರ ವಿಷಾಣುವು ಮೂಲತಃ ಬಾತುಕೋಳಿಗಳದು. ಇದು ತಗಲಿದ ಕೋಳಿಯು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಆದರೆ ಕಂದುತತ್ತಿಯ ಬಣ್ಣ ಮಾಸಿ, ಬಳಿಕ ತೆಳುಚಿಪ್ಪಿನ ಅಥವಾ ಚಿಪ್ಪಿಲ್ಲದ ತತ್ತಿಗಳು ಬರತೊಡಗುತ್ತವೆ. ಕೋಳಿಗಳೂ ಬಾತುಗಳೂ ಒಂದೇ ಕೆರೆಯ ನೀರನ್ನು ಕುಡಿಯುವ ಕಡೆ ಇದನ್ನು ಶಂಕಿಸಬೇಕು.

ಕಡೆಯದಾಗಿ ವಯಸ್ಸು. ಮೊದಲ ಬಾರಿಗೆ ತತ್ತಿಯಿಡುವ ಎಳೆಯ ಕೋಳಿಯ ಒಂದೆರಡು ತತ್ತಿಗಳು ಮೆತ್ತಗಿರುವುದುಂಟು, ಅದಕ್ಕೆ ಚಿಂತಿಸಬೇಕಾದುದಿಲ್ಲ. ವಯಸ್ಸಾದ ಕೋಳಿಯ ತತ್ತಿಯು ಗಾತ್ರದಲ್ಲಿ ದೊಡ್ಡದಾಗುತ್ತ ಹೋಗುತ್ತದೆ. ಚಿಪ್ಪಿನ ತೂಕವಾದರೋ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಷ್ಟೇ ಸುಣ್ಣವನ್ನು ದೊಡ್ಡ ಗೋಡೆಗೆ ಬಳಿದರೆ ಲೇಪವು ತೆಳುವಾಗುವಂತೆಯೇ ಇದು. ನಾಯಿ, ಮುಂಗುಸಿಗಳಿಂದ ಬೆದರಿದ ಕೋಳಿಯು ತತ್ತಿಯನ್ನು ಅಕಾಲದಲ್ಲಿ ಹೊರಹಾಕುವುದರಿಂದ ಚಿಪ್ಪು ಅಪೂರ್ಣವಾಗುವುದೂ ಉಂಟು.

6

ಚಿಪ್ಪಿನ ವಿಷಯವಾಗಿ ಜಗತ್ತಿಗೆ ಅತ್ಯಂತ ಪರಿಚಿತವಾಗಿರುವ ಕಥೆಯು ಕೋಳಿಯದಲ್ಲ, ಡೇಗೆಯದು. ಅದನ್ನು ಇಲ್ಲಿ ಹೇಳದೆ ಬಿಟ್ಟರೆ ವಾಚಕರು ಕೋಳಿಯ ತೆಳುಚಿಪ್ಪಿಗೂ ಅದೇ ಕಾರಣವನ್ನು ಆರೋಪಿಸುವ ಸಂಭವವಿದೆ.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ಪೆರೆಗ್ರಿನ್ ಎಂಬ ಡೇಗೆಗಳ ಸಂಖ್ಯೆ ಕುಸಿಯಿತು. ಗೂಡುಗಳಲ್ಲಿ ಒಡೆದ ತತ್ತಿಗಳು ಕಂಡುಬಂದುವು. ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯು ಇದರ ಕಾರಣವನ್ನು ಹುಡುಕಲು ಹಳೆಯ ಸಂಗ್ರಹಗಳ ಮೊರೆಹೊಕ್ಕನು. ತತ್ತಿಗಳನ್ನು ಕೂಡಿಡುವ ಹವ್ಯಾಸವುಳ್ಳವರು ತಲೆಮಾರುಗಳಿಂದ ಒಂದೊಂದು ಚಿಪ್ಪಿನ ಜೊತೆಗೂ ಅದನ್ನು ತೆಗೆದುಕೊಂಡ ವರ್ಷವನ್ನು ಬರೆದಿಟ್ಟಿದ್ದರು. ಅವನು ಚಿಪ್ಪಿನ ತೂಕವನ್ನು ಅದರ ಉದ್ದ ಅಗಲಗಳ ಗುಣಲಬ್ಧದಿಂದ ಭಾಗಿಸಿ ದಪ್ಪದ ಒಂದು ಸೂಚಿಯನ್ನು ಪಡೆದನು. 1947ರ ಸುಮಾರಿನಿಂದ ಆ ಸೂಚಿಯು ಹಠಾತ್ತಾಗಿ ಶೇಕಡ 20ರ ಹತ್ತಿರ ಇಳಿದಿರುವುದು 1967ರ ಅವನ ಲೇಖನದಿಂದ ಪ್ರಕಟವಾಯಿತು. ಡಿ.ಡಿ.ಟಿ. ಕೀಟನಾಶಕವು ವ್ಯಾಪಕವಾಗಿ ಬಳಕೆಗೆ ಬಂದುದು ಆ ಕಾಲದಲ್ಲಿಯೇ. ಕಾಲವು ಹೊಂದಿಕೊಂಡಿತೆಂಬುದೊಂದೇ ಸಾಕ್ಷ್ಯವಾಗಲಾರದು, ಆದುದರಿಂದ ಡಿ.ಡಿ.ಟಿ.ಯ ವಿಘಟನೆಯಿಂದ ಹುಟ್ಟುವ ಡಿ.ಡಿ.ಇ. ಎಂಬ ದ್ರವ್ಯವನ್ನು ಸೆರೆಯಲ್ಲಿಟ್ಟ ಬಾತುಗಳಿಗೂ ಸಣ್ಣ ಡೇಗೆಗಳಿಗೂ ತಿನ್ನಿಸಿ, ಚಿಪ್ಪು ತೆಳುವಾಗುವುದನ್ನು 1969 ಮತ್ತು 1970ರಲ್ಲಿ ಬೇರೆ ಸಂಶೋಧಕರು ದೃಢಪಡಿಸಿದರು. ಅಮೆರಿಕವು 1972ರಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿತು.

ಹಾಗಾದರೆ ಹಿತ್ತಿಲ ಕೋಳಿಯ ತೆಳುಚಿಪ್ಪಿಗೂ ಈ ವಿಷವೇ ಕಾರಣವೆನ್ನಬಹುದೆ? ಅದೇ ಬಗೆಯ ಪ್ರಯೋಗಗಳನ್ನು ಕೋಳಿಗಳ ಮೇಲೆ ನಡೆಸಿದಾಗ ಚಿಪ್ಪು ಹೇಳಿಕೊಳ್ಳುವಷ್ಟು ತೆಳುವಾಗಲಿಲ್ಲ. ಡೇಗೆಯನ್ನು ವಿನಾಶದ ಅಂಚಿಗೆ ತಂದ ದ್ರವ್ಯವನ್ನು ಕೋಳಿಯ ಚಿಪ್ಪುಗ್ರಂಥಿಯು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಇದರಿಂದ ವಿಷವು ಕೋಳಿಗೆ ನಿರುಪದ್ರವಿಯೆಂದಾಗಲಿ, ಅದರ ತತ್ತಿಯನ್ನು ತಿನ್ನುವವರಿಗೆ ಹಾನಿಯಿಲ್ಲವೆಂದಾಗಲಿ ಅರ್ಥವಲ್ಲ. ತೆಳುಚಿಪ್ಪೆಂಬ ಒಂದೇ ಸಾಕ್ಷ್ಯವು ಎರಡು ಪಕ್ಷಿಗಳಲ್ಲಿ ಎರಡು ಕಾರಣಗಳನ್ನು ಸೂಚಿಸಬಹುದೆಂಬುದಷ್ಟೇ ಇದರ ತಾತ್ಪರ್ಯ. ಒಂದು ರಾಜ್ಯದ ಪತನಕ್ಕೆ ಕಂಡುಹಿಡಿದ ಕಾರಣವನ್ನು ವಿಚಾರಣೆಯಿಲ್ಲದೆ ಮತ್ತೊಂದಕ್ಕೆ ಅಂಟಿಸುವವರು ಈ ಉದಾಹರಣೆಯನ್ನು ಗಮನಿಸಬೇಕು.

7

ವಿಚಾರಣೆಯ ಕ್ರಮವನ್ನು ಈಗ ಸಂಗ್ರಹವಾಗಿ ಹೇಳಬಹುದು. ಮೊದಲು ಕೇಳಬೇಕಾದುದು, ತೆಳುಚಿಪ್ಪು ಒಂದು ಕೋಳಿಯದೋ ಎಲ್ಲವುಗಳದೋ ಎಂಬುದು. ಒಂದರದೇ ಆದರೆ ಅದರ ವಯಸ್ಸನ್ನೂ ಮೈಯ ಸ್ಥಿತಿಯನ್ನೂ ನೋಡಬೇಕು. ಎಲ್ಲವುಗಳದೂ ಆದರೆ ಮೇವು, ನೀರು, ಧಗೆ, ರೋಗಗಳನ್ನು ಶೋಧಿಸಬೇಕು. ಎರಡನೆಯದಾಗಿ, ಬದಲಾವಣೆಯು ಮೆಲ್ಲಮೆಲ್ಲನೆ ಬಂದಿತೋ ಥಟ್ಟನೆ ಬಂದಿತೋ ಎಂಬುದು. ಮೆಲ್ಲನೆ ಬಂದರೆ ಮೇವಿನ ಕೊರತೆ ಅಥವಾ ವಯಸ್ಸು. ಥಟ್ಟನೆ ಬಂದು, ಬಣ್ಣವೂ ಮಾಸಿ, ತತ್ತಿಗಳ ಸಂಖ್ಯೆಯೂ ಇಳಿದರೆ ರೋಗದ ಶಂಕೆ ಬಲವಾಗುತ್ತದೆ. ಆಗ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮೂರನೆಯದಾಗಿ, ಋತುವಿನೊಡನೆ ಅದಕ್ಕೆ ಸಂಬಂಧವಿದೆಯೇ ಎಂಬುದು.

ಮೇವಿನ ಕೊರತೆಯೆಂದು ಕಂಡರೆ ಪರಿಹಾರವು ಸುಲಭ. ಕಪ್ಪೆಚಿಪ್ಪಿನ ಚೂರನ್ನಾಗಲಿ ಸುಣ್ಣಕಲ್ಲಿನ ಸಣ್ಣ ಹರಳುಗಳನ್ನಾಗಲಿ ಬೇರೊಂದು ಬಟ್ಟಲಿನಲ್ಲಿಟ್ಟರೆ ಕೋಳಿಯು ತನಗೆ ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ಅದರ ಈ ಹಸಿವು ಹೆಚ್ಚಾಗುವುದು ಇಳಿಹೊತ್ತಿನಲ್ಲಿ. ನುಣ್ಣನೆಯ ಪುಡಿಗಿಂತ ಒರಟು ಚೂರು ಮೇಲು. ಅದು ಆಹಾರವನ್ನು ಅರೆಯುವ ಜಠರದಲ್ಲಿ ನಿಂತು ರಾತ್ರಿಯೆಲ್ಲ ಕರಗುತ್ತ, ಚಿಪ್ಪಿನ ಕೆಲಸ ನಡೆಯುವ ಹೊತ್ತಿಗೆ ಸುಣ್ಣವನ್ನು ಒದಗಿಸುತ್ತದೆ. ಮನೆಯ ತತ್ತಿಗಳ ಚಿಪ್ಪನ್ನೇ ಚೆನ್ನಾಗಿ ಹುರಿದು, ತತ್ತಿಯೆಂದು ಗುರುತು ಸಿಗದಂತೆ ಪುಡಿಮಾಡಿ ಕೊಡಬಹುದು. ಸುಟ್ಟ ಸುಣ್ಣವನ್ನು ಮಾತ್ರ ತಿನ್ನಿಸಬಾರದು; ಅದು ಬಾಯಿ ಕರುಳುಗಳನ್ನು ಸುಡುತ್ತದೆ. ಇನ್ನೂ ತತ್ತಿಯಿಡದ ಎಳೆಯ ಕೋಳಿಗಳ ಮೇವಿನಲ್ಲಿ ಸುಣ್ಣವನ್ನು ಬೆರೆಸುವುದೂ ತಪ್ಪು. ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಧಗೆಯೇ ಕಾರಣವಾದಲ್ಲಿ ನೆರಳು, ತಣ್ಣೀರು, ತಂಪುಹೊತ್ತಿನ ಮೇವು ಇವೇ ಔಷಧ.

ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆಯನ್ನು ಮುಂದಿಟ್ಟು ಈ ಲೇಖನವನ್ನು ಮುಗಿಸುತ್ತೇನೆ. ಡೇಗೆಯ ಪ್ರಕರಣವು ಬಗೆಹರಿದುದು, ಮುಂದೆ ಯಾವ ಪ್ರಯೋಜನವಾದೀತೆಂದು ತಿಳಿಯದೆಯೇ ಯಾರೋ ಚಿಪ್ಪಿನ ಪಕ್ಕದಲ್ಲಿ ವರ್ಷವನ್ನು ಬರೆದಿಟ್ಟಿದ್ದುದರಿಂದ. ಹಿತ್ತಿಲ ಕೋಳಿಯ ವಿಷಯದಲ್ಲಿ ಅಂತಹ ಬರಹವು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ನೆನಪು ಮಾತ್ರ. ಊರಿಗೆ ಹೋದಾಗ ವಿದ್ಯಾರ್ಥಿಗಳು ಒಂದು ನೋಟುಪುಸ್ತಕವನ್ನು ತಾಯಂದಿರ ಕೈಗಿತ್ತು, ಅಥವಾ ಅವರು ಹೇಳಿದುದನ್ನು ತಾವೇ ಬರೆದುಕೊಂಡು, ತತ್ತಿಯಿಟ್ಟ ದಿನ, ಕೋಳಿಯ ವಯಸ್ಸು, ಕೊಟ್ಟ ಮೇವು, ಅಂದಿನ ಬಿಸಿಲು ಮಳೆ, ಚಿಪ್ಪು ಗಟ್ಟಿಯೋ ತೆಳುವೋ ಎಂಬುದನ್ನು ಒಂದು ವರ್ಷ ದಾಖಲು ಮಾಡಿದರೆ ಸಾಕು. ಆ ಮನೆಯ ಕೋಳಿಗೆ ಬೇಕಾದುದು ಸುಣ್ಣವೋ ನೆರಳೋ ವೈದ್ಯನೋ ಎಂಬುದನ್ನು ಆ ಪುಸ್ತಕವು ಊಹೆಗಿಂತ ಚೆನ್ನಾಗಿ ಹೇಳಬಲ್ಲುದು. ಆಧಾರವೆಂದರೇನೆಂಬುದನ್ನು ಬರೆದವರಿಗೂ ಕಲಿಸಬಲ್ಲುದು.